ಮೂರು ಸಲ ಜಿಮ್ ಸೇರಿ ಬಿಟ್ಟೆ, ಈಗ ಏನು ಮಾಡಲಿ?

ಪ್ರಶ್ನೆ: ಡಾಕ್ಟರೇ, ನನಗೆ 44 ವರ್ಷ. ಮೈಸೂರಿನಲ್ಲಿ ಬ್ಯಾಂಕ್ ಕೆಲಸ. ಎತ್ತರ 156 ಸೆಂ.ಮೀ., ತೂಕ 74 ಕೆ.ಜಿ. ಹೋದ ತಿಂಗಳು ರಕ್ತ ಪರೀಕ್ಷೆ ಮಾಡಿಸಿದಾಗ ಎಚ್‌ಬಿಎ1ಸಿ ಅನ್ನುವ ಸಕ್ಕರೆಯ ಅಳತೆ 6.1 ಬಂತು. ಸಕ್ಕರೆ ಕಾಯಿಲೆಯ ಗಡಿಯಲ್ಲಿದ್ದೀರಿ, ತೂಕ ಇಳಿಸಿ ಅಂದರು. ಇಲ್ಲಿಯವರೆಗೆ ಮೂರು ಸಲ ಜಿಮ್ ಸೇರಿದ್ದೇನೆ, ಪ್ರತಿ ಸಲವೂ ಎರಡು ತಿಂಗಳೊಳಗೆ ನಿಂತುಹೋಯಿತು. ಹೋದ ವರ್ಷ ಅನ್ನ, ಚಪಾತಿ ಎಲ್ಲ ಬಿಟ್ಟು, ರಾತ್ರಿ ಬರೀ ಸೂಪ್ ಕುಡಿದು ಎರಡೂವರೆ ತಿಂಗಳಲ್ಲಿ 9 ಕೆ.ಜಿ. ಇಳಿಸಿದೆ. ದಸರಾ, ದೀಪಾವಳಿ ಕಳೆಯುವಷ್ಟರಲ್ಲಿ 10 ಕೆ.ಜಿ. ವಾಪಸ್ ಬಂತು. ನನಗೆ ಮನಸ್ಸು ಗಟ್ಟಿಯಿಲ್ಲ ಅನ್ನಿಸಿಬಿಟ್ಟಿದೆ. ಕಾಲೇಜಿನಲ್ಲಿ ಥ್ರೋಬಾಲ್ ತಂಡದಲ್ಲಿದ್ದವಳು, ಈಗ ಎರಡು ಮಹಡಿ ಹತ್ತಿದರೆ ಏದುಸಿರು. ಮಂಡಿ ನೋವೂ ಇದೆ. ಉತ್ಸಾಹ ಉಳಿಸಿಕೊಳ್ಳುವುದು ಹೇಗೆ? ಎಷ್ಟು ದಿನದಲ್ಲಿ ಎಷ್ಟು ಇಳಿಸಬಹುದು? ಜಿಮ್‌ನಲ್ಲಿ ವರ್ಷದ ಆಫರ್ ಇದೆ, ಮತ್ತೆ ಸೇರು ಅಂತ ಮನೆಯವರು ಹೇಳುತ್ತಿದ್ದಾರೆ. ಸೇರಲಾ?

ಉತ್ತರ: ಮನಸ್ಸು ಗಟ್ಟಿಯಿಲ್ಲ ಅನ್ನುವ ಮಾತನ್ನು ಮೊದಲು ಬಿಟ್ಟುಬಿಡಿ. ಎರಡೂವರೆ ತಿಂಗಳು ರಾತ್ರಿ ಸೂಪ್ ಕುಡಿದು ಮಲಗಿ, ಬೆಳಗ್ಗೆ ಎದ್ದು ಮನೆಗೆಲಸ ಮುಗಿಸಿ, ದಿನವಿಡೀ ಕೌಂಟರಿನಲ್ಲಿ ಕೂತು ದುಡಿದಿದ್ದೀರಿ. ಅಂಥವರಿಗೆ ಮನಸ್ಸು ಗಟ್ಟಿಯಿಲ್ಲ ಅಂದರೆ ನಾನು ಒಪ್ಪುವುದಿಲ್ಲ. ನೀವು ಹಿಡಿದ ದಾರಿಯಲ್ಲಿ ಯಾರು ಹೋದರೂ ಹೆಚ್ಚುಕಡಿಮೆ ಹೀಗೇ ಆಗುತ್ತದೆ.

ಏಕೆ ಅಂತ ಹೇಳುತ್ತೇನೆ. ಅನ್ನ, ಚಪಾತಿ ಥಟ್ಟನೆ ಬಿಟ್ಟಾಗ ಮೊದಲ ವಾರ ತೂಕ ಸರ್ರನೆ ಇಳಿಯುತ್ತದೆ. ಅದರಲ್ಲಿ ಬಹುಪಾಲು ನೀರು. ನಮ್ಮ ಸ್ನಾಯು ಮತ್ತು ಲಿವರ್‌ನಲ್ಲಿ ಗ್ಲೈಕೊಜೆನ್ ಅನ್ನುವ ಪಿಷ್ಟದ ದಾಸ್ತಾನು ಇರುತ್ತದೆ. ಒಂದು ಗ್ರಾಂ ಗ್ಲೈಕೊಜೆನ್ ಜೊತೆ ಸುಮಾರು ಮೂರು ಗ್ರಾಂ ನೀರು ಸೇರಿಕೊಂಡಿರುತ್ತದೆ. ದಾಸ್ತಾನು ಕರಗಿದರೆ ನೀರೂ ಹೋಗುತ್ತದೆ, ಮತ್ತೆ ಅನ್ನ ತಿಂದ ಕೂಡಲೇ ಎರಡೂ ವಾಪಸ್ ಬರುತ್ತವೆ. ಆಮೇಲೆ ಕೊಬ್ಬು ಕರಗಲು ಶುರುವಾಗುತ್ತದೆ, ನಿಜ. ಆದರೆ ಊಟ ತೀರಾ ಕಡಿಮೆಯಾಗಿ ಸ್ನಾಯುವಿಗೆ ಕೆಲಸವೂ ಇಲ್ಲದಿದ್ದರೆ, ಇಳಿದ ತೂಕದಲ್ಲಿ ಸುಮಾರು ಕಾಲು ಭಾಗ ಸ್ನಾಯುವಿನಿಂದಲೇ ಹೋಗಬಹುದು. ಇದರ ಜೊತೆ ಹಸಿವಿನ ಹಾರ್ಮೋನುಗಳು ಏರುತ್ತವೆ, ದೇಹ ಖರ್ಚನ್ನು ತಗ್ಗಿಸುತ್ತದೆ. ಅಮೆರಿಕದ ಒಂದು ಟಿವಿ ಸ್ಪರ್ಧೆಯಲ್ಲಿ ಭಾರಿ ತೂಕ ಇಳಿಸಿದ 14 ಮಂದಿಯನ್ನು ಆರು ವರ್ಷದ ನಂತರ ಮತ್ತೆ ಪರೀಕ್ಷಿಸಿದರು. 2016ರಲ್ಲಿ ಅದರ ವರದಿ ಬಂತು. ಸ್ಪರ್ಧೆಯಲ್ಲಿ ಅವರು ಸರಾಸರಿ 58 ಕೆ.ಜಿ. ಇಳಿಸಿದ್ದರು, ಅದರಲ್ಲಿ 41 ಕೆ.ಜಿ. ಮರಳಿ ಬಂದಿತ್ತು. ಅದಕ್ಕಿಂತ ಮುಖ್ಯವಾದ ಸಂಗತಿ ಬೇರೆ ಇದೆ. ಸುಮ್ನೆ ಕೂತಿದ್ದಾಗ ಅವರ ದೇಹ ಖರ್ಚು ಮಾಡುತ್ತಿದ್ದ ಶಕ್ತಿ, ಅವರ ಮೈಕಟ್ಟಿಗೆ ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಇತ್ತು. ತರಬೇತುದಾರರು, ಕ್ಯಾಮೆರಾ, ಬಹುಮಾನ ಎಲ್ಲ ಇದ್ದವರ ಕಥೆಯೇ ಇದು. ನಿಮ್ಮ 10 ಕೆ.ಜಿ. ಬಗ್ಗೆ ನಾಚಿಕೆ ಪಡುವುದೇನೂ ಇಲ್ಲ.

ಈಗ ಗುರಿಯ ವಿಷಯ. ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಅನ್ನುವ ಅಳತೆ, 30ರ ಮೇಲಿದೆ. ಭಾರತೀಯರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಅಂತ ಲೆಕ್ಕ. ಆ ಲೆಕ್ಕ ಹಿಡಿದರೆ ಬೊಜ್ಜಿನ ಗೆರೆಯಿಂದ ಕೆಳಗಿಳಿಯಲೇ ನೀವು 61 ಕೆ.ಜಿ.ಯ ಒಳಗೆ ಬರಬೇಕು. ಆದರೆ ಆ ಸಂಖ್ಯೆಯನ್ನು ಈಗ ಮನಸ್ಸಿಗೆ ತಂದುಕೊಳ್ಳಬೇಡಿ. ನಿಮ್ಮ ಈಗಿನ ತೊಂದರೆ ಸಕ್ಕರೆ, ಮಂಡಿ, ಏದುಸಿರು. ಇವು ಮೂರೂ ಅದಕ್ಕಿಂತ ಎಷ್ಟೋ ಮೊದಲೇ ಸುಧಾರಿಸುತ್ತವೆ. ನಿಮ್ಮ ಹಾಗೆ ಗಡಿಯಲ್ಲಿದ್ದವರ ಮೇಲೆ ಅಮೆರಿಕದಲ್ಲಿ ಒಂದು ದೊಡ್ಡ ಅಧ್ಯಯನ ನಡೆದು, 2002ರಲ್ಲಿ ಫಲಿತಾಂಶ ಬಂತು. ತೂಕದಲ್ಲಿ ಶೇ 7 ಇಳಿಸುವುದು, ವಾರಕ್ಕೆ 150 ನಿಮಿಷ ನಡೆಯುವುದು, ಇಷ್ಟೇ ಗುರಿ. ಆ ಗುಂಪಿನಲ್ಲಿ ಸಕ್ಕರೆ ಕಾಯಿಲೆ ಬರುವುದು ಶೇ 58ರಷ್ಟು ಕಡಿಮೆಯಾಯಿತು. ನಮ್ಮ ಪಕ್ಕದ ಚೆನ್ನೈನ ವೈದ್ಯರು ಭಾರತೀಯರ ಮೇಲೆ ಇಂಥದ್ದೇ ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿದರು. ಅಲ್ಲಿ ಕಡಿಮೆಯಾದದ್ದು ಸುಮಾರು ಶೇ 28. ನನಗೆ ಇದು ಹೆಚ್ಚು ಇಷ್ಟವಾದ ಅಧ್ಯಯನ. ಯಾಕೆಂದರೆ ಅವರಲ್ಲಿ ತೂಕ ಹೇಳಿಕೊಳ್ಳುವಷ್ಟು ಇಳಿದಿರಲೇ ಇಲ್ಲ. ಊಟ ಸ್ವಲ್ಪ ಬದಲಾಯಿತು, ನಡಿಗೆ ಜಾಸ್ತಿಯಾಯಿತು, ಅಷ್ಟಕ್ಕೇ ಕಾಯಿಲೆ ದೂರ ಸರಿಯಿತು. ಅಂದರೆ ತೂಕದ ಮುಳ್ಳು ಅಲ್ಲಾಡದ ವಾರದಲ್ಲೂ ನಿಮ್ಮ ನಡಿಗೆ ನಿಮಗೆ ಕೆಲಸ ಮಾಡುತ್ತಲೇ ಇರುತ್ತದೆ.

ನಿಮಗೆ ಶೇ 7 ಅಂದರೆ 5 ಕೆ.ಜಿ. ಚಿಲ್ಲರೆ. ತಿಂಗಳಿಗೆ ಒಂದು ಕೆ.ಜಿ.ಯಂತೆ ಆರು ತಿಂಗಳು ಇಟ್ಟುಕೊಳ್ಳಿ. ಕಡಿಮೆ ಆಯಿತು ಅನ್ನಿಸಬಹುದು. ಆದರೆ ಮಂಡಿಯ ಕೀಲಿನ ಮೇಲೆ ಲೆಕ್ಕ ಬೇರೆ. ಮೈತೂಕ ಒಂದು ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕೆ.ಜಿ. ಇಳಿಯುತ್ತದೆ. 5 ಕೆ.ಜಿ. ಅಂದರೆ ಹೆಜ್ಜೆಗೆ 20 ಕೆ.ಜಿ. ನಿಮ್ಮ ಮಂಡಿಗೆ ಅದು ಗೊತ್ತಾಗುತ್ತದೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ಉತ್ಸಾಹದ್ದು. ಉತ್ಸಾಹವನ್ನು ಮೊದಲು ಕೂಡಿಸಿಟ್ಟುಕೊಂಡು ಆಮೇಲೆ ವ್ಯಾಯಾಮಕ್ಕೆ ಹೋಗಬೇಕು ಅಂತ ನಾವು ತಿಳಿದಿರುತ್ತೇವೆ. ನಿಜವಾಗಿ ಆಗುವುದು ಅದರ ತಿರುಗುಮುರುಗು. ಇವತ್ತಿನ ಅರ್ಧ ಗಂಟೆ ಚೆನ್ನಾಗಿತ್ತು ಅಂದರೆ ನಾಳೆ ಕಾಲು ತಾನಾಗಿ ಹೊರಡುತ್ತದೆ. ಇವತ್ತಿನದ್ದು ಶಿಕ್ಷೆ ಅನ್ನಿಸಿದ್ದರೆ, ನಾಳೆ ಏನಾದರೊಂದು ನೆಪ ಸಿಕ್ಕೇ ಸಿಗುತ್ತದೆ. ಆರು ತಿಂಗಳ ಮುಂದೆ ಎಲ್ಲೋ ಇರುವ ತೂಕಕ್ಕಾಗಿ ಮನುಷ್ಯ ದಿನಾ ಕಷ್ಟಪಡಲಾರ. ಆ ಹೊತ್ತಿಗೆ, ಅಲ್ಲೇ, ಏನೋ ಒಂದು ಖುಷಿ ಸಿಗಬೇಕು. ಅದಕ್ಕೇ ನಾನು ಹೊಸಬರಿಗೆ ಯಾವ ವ್ಯಾಯಾಮ ಜಾಸ್ತಿ ಕ್ಯಾಲೊರಿ ಕರಗಿಸುತ್ತದೆ ಅಂತ ಹೇಳುವುದೇ ಇಲ್ಲ. ಯಾವುದನ್ನು ಮಾಡುವಾಗ ನೀವು ಗಡಿಯಾರ ನೋಡುವುದಿಲ್ಲ ಅಂತ ಕೇಳುತ್ತೇನೆ.

ನಾನು ಕೇಳದೆಯೇ ನೀವು ಅದಕ್ಕೆ ಉತ್ತರ ಬರೆದಿದ್ದೀರಿ. ಥ್ರೋಬಾಲ್.

ಅದನ್ನು ಹಳೆಯ ನೆನಪು ಅಂತ ಬಿಡಬೇಡಿ. ಮೈಸೂರಿನಂಥ ಊರಿನಲ್ಲಿ ಬಡಾವಣೆಯ ಮೈದಾನದಲ್ಲಿ, ಮಹಿಳಾ ಸಂಘಗಳಲ್ಲಿ, ಬ್ಯಾಂಕು ಕಚೇರಿಗಳ ಕ್ರೀಡಾಕೂಟದಲ್ಲಿ ಥ್ರೋಬಾಲ್ ಆಡುವ ಹೆಂಗಸರು ಇದ್ದಾರೆ. ನಿಮ್ಮ ವಯಸ್ಸಿನವರೂ ಇದ್ದಾರೆ. ಬೆಳಗ್ಗೆ ಒಂದು ಸಲ ಹೋಗಿ ನೋಡಿ ಬನ್ನಿ. ಆಟದಲ್ಲಿ ಎರಡು ಲಾಭ ಇದೆ. ಚೆಂಡು ಬರುತ್ತಿರುವಾಗ ನೀವು ತೂಕದ ಬಗ್ಗೆ ಯೋಚಿಸುವುದಿಲ್ಲ. ಎರಡನೆಯದು, ನೀವು ಹೋಗದಿದ್ದರೆ ತಂಡಕ್ಕೆ ಒಬ್ಬರು ಕಡಿಮೆ, ಫೋನ್ ಬರುತ್ತದೆ. ಟ್ರೆಡ್‌ಮಿಲ್ ಯಾರಿಗೂ ಫೋನ್ ಮಾಡುವುದಿಲ್ಲ, ಅಲ್ವಾ? ಸಿಗದಿದ್ದರೆ ಶಟಲ್ ಇದೆ, ಕೋಲಾಟದ ತಂಡಗಳಿವೆ, ಈಜು ಇದೆ. ಮಂಡಿ ನೋವಿದ್ದವರಿಗೆ ನೀರಿನಲ್ಲಿ ಮೈ ಹಗುರ, ಈಜು ಬರದಿದ್ದರೂ ಎದೆಮಟ್ಟದ ನೀರಿನಲ್ಲಿ ನಡೆದರೆ ಸಾಕು.

ಆದರೆ ನಾಳೆಯೇ ಕೋರ್ಟಿಗೆ ಇಳಿಯಬೇಡಿ. ಆಟದಲ್ಲಿ ಥಟ್ಟನೆ ತಿರುಗುವುದು, ಥಟ್ಟನೆ ನಿಲ್ಲುವುದು ಇರುತ್ತದೆ. ತೊಡೆಗೆ ಬಲ ಇಲ್ಲದೆ ಇಳಿದರೆ ಮಂಡಿಗೆ ಪೆಟ್ಟು. ಮೊದಲ ಎರಡು ತಿಂಗಳು ನಡಿಗೆ, ಜೊತೆಗೆ ತೊಡೆಗೆ ಬಲ ಬರುವ ಒಂದೆರಡು ವ್ಯಾಯಾಮ ಮಾಡಿ. ಗಟ್ಟಿ ಕುರ್ಚಿಯ ಮುಂದೆ ನಿಂತು, ಕೈ ಊರದೆ ನಿಧಾನ ಕೂತು ಏಳುವುದು. ಬಸ್ಕಿಯ ಸುಲಭ ರೂಪ ಇದು. ಐದು ಸಲದಿಂದ ಶುರುಮಾಡಿ, ಒಂದು ದಿನ ಬಿಟ್ಟು ಒಂದು ದಿನ ಮಾಡಿ, ಮೆಲ್ಲಗೆ ಹದಿನೈದಕ್ಕೆ ತನ್ನಿ. ಗೋಡೆಗೆ ಕೈ ಕೊಟ್ಟು ದಂಡ ಹೊಡೆಯುವುದು ಇನ್ನೊಂದು. ನೋವು ಚುಚ್ಚಿದ ಹಾಗೆ ಬಂದರೆ, ಮಂಡಿ ಊದಿಕೊಂಡರೆ, ನಿಲ್ಲಿಸಿ ಮೂಳೆ ವೈದ್ಯರಿಗೋ ಫಿಸಿಯೊಥೆರಪಿಸ್ಟ್‌ಗೋ ತೋರಿಸಿ. ಈ ಬಲದ ವ್ಯಾಯಾಮವನ್ನು ಹೆಂಗಸರು ಬಿಟ್ಟುಬಿಡುವುದು ಜಾಸ್ತಿ. ನನಗೆ ಅದು ಬಹಳ ಬೇಸರದ ವಿಷಯ. ನಲವತ್ತರ ನಂತರ ಸ್ನಾಯು ತಾನಾಗಿಯೇ ಕರಗುತ್ತಾ ಬರುತ್ತದೆ, ಮುಟ್ಟು ನಿಲ್ಲುವ ಹೊತ್ತಿಗೆ ಮೂಳೆಯೂ ಸವೆಯುತ್ತದೆ. ವಾರಕ್ಕೆ ಎರಡು ದಿನವಾದರೂ ಸ್ನಾಯುವಿಗೆ ಕೆಲಸ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಸುಮ್ಮನೆ ಅಲ್ಲ.

ನಡಿಗೆಯ ವೇಗದ ಬಗ್ಗೆ ಒಂದೇ ಅಳತೆ ಸಾಕು. ನಡೆಯುತ್ತಾ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಜಿಮ್‌ನಲ್ಲಿ ನಿಮ್ಮನ್ನು ಮೊದಲ ವಾರವೇ ಏದುಸಿರು ಬರುವ ಹಾಗೆ ಓಡಿಸಿರುತ್ತಾರೆ ಅಂತ ನನ್ನ ಊಹೆ. ಉಸಿರು ಕಟ್ಟುವ ಮಟ್ಟ ದಾಟಿದರೆ ಹೆಚ್ಚಿನವರಿಗೆ ಖುಷಿ ಹೋಗಿ ಹಿಂಸೆ ಶುರುವಾಗುತ್ತದೆ. ಮೈ ಅದನ್ನೇ ನೆನಪಿಟ್ಟುಕೊಳ್ಳುತ್ತದೆ. ಸ್ವಲ್ಪ ಇನ್ನೂ ಮಾಡಬಹುದಿತ್ತು ಅನ್ನುವಾಗಲೇ ನಿಲ್ಲಿಸಿ ಮನೆಗೆ ಬನ್ನಿ.

ಒಟ್ಟು ಗುರಿ ವಾರಕ್ಕೆ 150 ನಿಮಿಷ. ಒಂದೇ ಸಲ ಇಷ್ಟೊತ್ತು ಮಾಡಲೇಬೇಕು ಅಂತಿಲ್ಲ. ಮೊದಲು ಕನಿಷ್ಠ ಹತ್ತು ನಿಮಿಷ ಸತತವಾಗಿ ಮಾಡಬೇಕು ಅನ್ನುವ ನಿಯಮ ಇತ್ತು, ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಲ್ಲಿ ಅದನ್ನೂ ತೆಗೆದರು. ಬ್ಯಾಂಕಿನ ಮೆಟ್ಟಿಲು, ಊಟದ ನಂತರದ ಒಂದು ಸುತ್ತು, ಬಸ್ಸಿನಿಂದ ಒಂದು ಸ್ಟಾಪ್ ಮೊದಲೇ ಇಳಿಯುವುದು, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಹತ್ತು ಸಾವಿರ ಹೆಜ್ಜೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅದು 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರಿನಿಂದ ಬಂದ ಸಂಖ್ಯೆ. ನೀವು ಈಗ ನಾಲ್ಕು ಸಾವಿರ ನಡೆಯುತ್ತಿದ್ದರೆ ಐದು ಸಾವಿರಕ್ಕೆ ಬನ್ನಿ, ಅದೇ ಒಳ್ಳೆಯ ಏರಿಕೆ.

ನಡಿಗೆ ಬೋರು ಹೊಡೆಸದಂತೆ ಒಂದು ಉಪಾಯ ಇದೆ. ನಿಮಗೆ ತುಂಬಾ ಇಷ್ಟವಾದ ಏನನ್ನಾದರೂ ನಡಿಗೆಗೆ ಮಾತ್ರ ಮೀಸಲಿಡಿ. ಹಳೆಯ ಹಾಡಿರಬಹುದು, ಹರಿಕಥೆ, ಕೇಳುವ ಕಾದಂಬರಿ, ದೂರದಲ್ಲಿರುವ ತಂಗಿಯ ಜೊತೆ ಫೋನ್ ಮಾತು, ಏನಾದರೂ ಸರಿ. ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಇದನ್ನು ಪರೀಕ್ಷೆ ಮಾಡಿದರು. ಕುತೂಹಲ ಕೆರಳಿಸುವ ಕಾದಂಬರಿಗಳ ಆಡಿಯೊವನ್ನು ಕೊಟ್ಟು, ಅದನ್ನು ಜಿಮ್‌ನಲ್ಲಿ ಮಾತ್ರ ಕೇಳಲು ಬಿಟ್ಟರು. ಶುರುವಿನಲ್ಲಿ ಅವರು ಉಳಿದವರಿಗಿಂತ ಶೇ 51ರಷ್ಟು ಜಾಸ್ತಿ ಸಲ ಜಿಮ್‌ಗೆ ಬಂದರು. 2014ರಲ್ಲಿ ಇದು ಪ್ರಕಟವಾಯಿತು. ಆದರೆ ನವೆಂಬರಿನ ಹಬ್ಬದ ರಜೆ ಮುಗಿದು ಬಂದ ಮೇಲೆ ಆ ಪರಿಣಾಮ ಕರಗಿಹೋಗಿತ್ತು.

ಇದನ್ನು ಓದಿದಾಗ ನನಗೆ ನಿಮ್ಮಂಥ ಎಷ್ಟೋ ಜನರ ದಸರಾ, ದೀಪಾವಳಿ ನೆನಪಾಗುತ್ತದೆ. ಹಬ್ಬದ ಹೋಳಿಗೆಯಿಂದ ತೂಕ ಕೆಡುವುದಿಲ್ಲ. ಮೂರು ದಿನ ಹಬ್ಬದೂಟ ಉಂಡರೆ ಕೊಬ್ಬಾಗುವುದು ಬಹಳ ಕಡಿಮೆ, ಉಳಿದದ್ದು ಉಪ್ಪು ಹಿಡಿದಿಟ್ಟ ನೀರು. ಕೆಡುವುದು ಹಬ್ಬದ ನಂತರದ ಸೋಮವಾರ. ಹೇಗೂ ತಪ್ಪಿತಲ್ಲ, ಇನ್ನೇನು ಅಂತ ಬಿಟ್ಟುಬಿಡುತ್ತೇವೆ. ಅದಕ್ಕೇ ಹಬ್ಬಕ್ಕೆ ಮೊದಲೇ ವಾಪಸ್ ಬರುವ ದಿನ ನಿಶ್ಚಯ ಮಾಡಿ. ವಿಜಯದಶಮಿಯ ಮಾರನೇ ದಿನ ಬೆಳಗ್ಗೆ ಆರೂವರೆಗೆ ಕುಕ್ಕರಹಳ್ಳಿ ಕೆರೆಯ ಹತ್ತಿರ ಸಿಗುತ್ತೇನೆ ಅಂತ ಗೆಳತಿಗೆ ಮಾತು ಕೊಡಿ. ಹಬ್ಬದ ದಿನಗಳಲ್ಲೂ ಹತ್ತು ನಿಮಿಷ ಬೀದಿ ಸುತ್ತಿದರೆ ಸಾಕು. ದಸರಾ ದೀಪಾಲಂಕಾರ ನೋಡಲು ಹೇಗೂ ನಡೆದೇ ಹೋಗುತ್ತೀರಿ, ಅದೂ ನಡಿಗೆಯೇ.

ಒಂದು ದಿನ ತಪ್ಪಿದರೆ ಎಲ್ಲ ಹೋಯಿತು ಅನ್ನುವುದೂ ನಿಜ ಅಲ್ಲ. ಲಂಡನ್ನಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೊಸ ಅಭ್ಯಾಸ ಮೈಗೂಡಲು ಎಷ್ಟು ದಿನ ಬೇಕು ಅಂತ ನೋಡಿದರು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕು ಅನ್ನುವ ಲೆಕ್ಕ ಬಂತು. ನಡುವಿನ ಲೆಕ್ಕ 66. ನಡುವೆ ಒಂದು ದಿನ ತಪ್ಪಿದ್ದರಿಂದ ಹೆಚ್ಚೇನೂ ವ್ಯತ್ಯಾಸ ಆಗಲಿಲ್ಲ. ನೀವು ಜಿಮ್ ಬಿಟ್ಟದ್ದು ಎರಡು ತಿಂಗಳೊಳಗೆ. ಇನ್ನೂ ಬೇರೂರುವ ಮೊದಲೇ.

ಊಟಕ್ಕೆ ಬರೋಣ. ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ನಿಮ್ಮ ತೂಕಕ್ಕೆ ಅರ್ಧ ಗಂಟೆಯ ನಡಿಗೆಯಲ್ಲಿ ಖರ್ಚಾಗುವುದು ಸುಮಾರು 130 ಕ್ಯಾಲೊರಿ. ಒಂದು ದಪ್ಪ ತುಂಡು ಮೈಸೂರು ಪಾಕ್‌ನಲ್ಲಿ ಅದಕ್ಕಿಂತ ಜಾಸ್ತಿ ಇರುತ್ತದೆ. ಹಾಗಾಗಿ ತಿಂದದ್ದನ್ನು ನಡೆದು ಕರಗಿಸುತ್ತೇನೆ ಅನ್ನುವ ಲೆಕ್ಕ ಹಾಕಬೇಡಿ. ಆ ಲೆಕ್ಕ ಶುರುವಾದ ದಿನ ವ್ಯಾಯಾಮ ದಂಡ ಕಟ್ಟುವ ಕೆಲಸ ಆಗಿಬಿಡುತ್ತದೆ. ತೂಕ ಇಳಿಯುವುದು ಮುಖ್ಯವಾಗಿ ತಟ್ಟೆಯಲ್ಲಿ. ಇಳಿದದ್ದು ಮರಳಿ ಬರದ ಹಾಗೆ ಕಾಯುವುದು ವ್ಯಾಯಾಮ.

ತಿಂಗಳಿಗೆ ಒಂದು ಕೆ.ಜಿ. ಕೊಬ್ಬು ಇಳಿಯಬೇಕಾದರೆ ದಿನಕ್ಕೆ ಸುಮಾರು 250 ಕ್ಯಾಲೊರಿ ಕಡಿಮೆ ಮಾಡಿದರೆ ಸಾಕು. ಅದಕ್ಕೆ ಅನ್ನ ಬಿಡಬೇಕಿಲ್ಲ. ಎಣ್ಣೆ ಡಬ್ಬಿಯಿಂದ ಶುರುಮಾಡಿ. ನಾಲ್ಕು ಜನರ ಮನೆಗೆ ತಿಂಗಳಿಗೆ ಐದು ಲೀಟರ್ ಎಣ್ಣೆ ಬರುತ್ತಿದ್ದರೆ ಒಬ್ಬೊಬ್ಬರಿಗೆ ದಿನಕ್ಕೆ ಸುಮಾರು 38 ಗ್ರಾಂ ಬೀಳುತ್ತದೆ. ಅದನ್ನು ಮೂರೂವರೆ ಲೀಟರಿಗೆ ತಂದರೆ ಪ್ರತಿಯೊಬ್ಬರಿಗೂ ದಿನಕ್ಕೆ 100 ಕ್ಯಾಲೊರಿ ಉಳಿಯುತ್ತದೆ. ಒಗ್ಗರಣೆಗೆ ಬಾಟಲಿಯಿಂದ ಸುರಿಯುವ ಬದಲು ಚಮಚದಲ್ಲಿ ಅಳೆದು ಹಾಕಿ, ರುಚಿ ಕೆಡುವುದಿಲ್ಲ. ದಿನಕ್ಕೆ ಮೂರು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಸಕ್ಕರೆ ಅಂದರೆ 120 ಕ್ಯಾಲೊರಿ. ಒಂದು ಚಮಚಕ್ಕೆ ಇಳಿಸಿದರೆ ಅರ್ಧ ಉಳಿಯಿತು. ರಾತ್ರಿ ಒಂದು ಸೌಟು ಅನ್ನ ಕಡಿಮೆ ಮಾಡಿ, ಆ ಜಾಗಕ್ಕೆ ಪಲ್ಯ ಹಾಕಿಕೊಳ್ಳಿ. ಇಷ್ಟಕ್ಕೇ ಲೆಕ್ಕ ಮುಗಿಯಿತು.

ಕಡಿಮೆ ಮಾಡುವುದಕ್ಕಿಂತ ಸೇರಿಸುವುದು ಇನ್ನೂ ಮುಖ್ಯ. ನಮ್ಮ ಬೆಳಗಿನ ತಿಂಡಿ ನೋಡಿ. ಉಪ್ಪಿಟ್ಟು, ಚಿತ್ರಾನ್ನ, ಅವಲಕ್ಕಿ, ಶಾವಿಗೆ, ಎಲ್ಲ ಬರೀ ಪಿಷ್ಟ. ಹನ್ನೊಂದಕ್ಕೆ ಹಸಿವು, ಬಿಸ್ಕತ್ತು. ಅದೇ ತಿಂಡಿ ಸ್ವಲ್ಪ ಕಡಿಮೆ ಬಡಿಸಿಕೊಂಡು ಪಕ್ಕದಲ್ಲಿ ಹೆಸರುಬೇಳೆ ಕೋಸಂಬರಿಯೋ ಮೊಟ್ಟೆಯೋ ಮೊಳಕೆಕಾಳೋ ಇಟ್ಟುಕೊಳ್ಳಿ. ಮಧ್ಯಾಹ್ನ ಹುರುಳಿಕಾಳು ಸಾರು, ಬಸ್ಸಾರು, ಮೊಸರು. ಸಂಜೆ ನಾಲ್ಕಕ್ಕೆ ಬ್ಯಾಂಕಿಗೆ ಬೋಂಡ ಬರುವ ಹೊತ್ತಿಗೆ ನಿಮ್ಮ ಡ್ರಾಯರಿನಲ್ಲಿ ಹುರಿಗಡಲೆ ಇರಲಿ. ಪ್ರೋಟೀನ್ ಇದ್ದರೆ ಹೊಟ್ಟೆ ತಡೆಯುತ್ತದೆ, ಸ್ನಾಯುವೂ ಉಳಿಯುತ್ತದೆ. ರಾಗಿಮುದ್ದೆ ಒಳ್ಳೆಯದೇ, ಆದರೆ ಎರಡು ಮುದ್ದೆ ಉಂಡು ಮೇಲೆ ಅಷ್ಟೇ ಅನ್ನವನ್ನೂ ಉಂಡರೆ ಲಾಭವಿಲ್ಲ.

ತೂಕ ವಾರಕ್ಕೊಂದು ಸಲ ನೋಡಿ, ಒಂದೇ ದಿನ, ಬೆಳಗ್ಗೆ, ಶೌಚ ಮುಗಿಸಿ. ಮುಟ್ಟಿನ ಮುಂಚಿನ ವಾರ ನೋಡಲೇಬೇಡಿ, ನೀರಿನಿಂದ ಒಂದೆರಡು ಕೆ.ಜಿ. ಜಾಸ್ತಿ ತೋರಿಸಬಹುದು. ತಿಂಗಳಿಗೊಮ್ಮೆ ಟೇಪಿನಲ್ಲಿ ಸೊಂಟ ಅಳೆಯಿರಿ. ನಮ್ಮ ಹೆಂಗಸರಿಗೆ 80 ಸೆಂ.ಮೀ. ಒಳಗಿದ್ದರೆ ಒಳ್ಳೆಯದು. ಇವುಗಳಿಗಿಂತ ನನಗೆ ಇಷ್ಟವಾದ ಅಳತೆ ನಿಮ್ಮ ಪತ್ರದಲ್ಲೇ ಇದೆ, ಆ ಎರಡು ಮಹಡಿ. ಪ್ರತಿ ತಿಂಗಳು ಮೊದಲ ತಾರೀಕು ಅದನ್ನು ಹತ್ತಿ, ಉಸಿರು ಹೇಗಿದೆ ನೋಡಿ. ತೂಕ ಕಾಣುವ ಮೊದಲೇ ಅಲ್ಲಿ ಬದಲಾವಣೆ ಕಾಣುತ್ತದೆ.

ಶುರುಮಾಡುವ ಮೊದಲು ಥೈರಾಯ್ಡ್, ಹಿಮೋಗ್ಲೋಬಿನ್, ಬಿಪಿ ನೋಡಿಸಿ. ರಕ್ತಹೀನತೆ ಇದ್ದರೂ ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆ. ನಡೆಯುವಾಗ ಎದೆ ಹಿಡಿದ ಹಾಗಾದರೆ, ತಲೆ ತಿರುಗಿದರೆ ತಡಮಾಡದೆ ವೈದ್ಯರಿಗೆ ತೋರಿಸಿ. ನಿದ್ದೆ ಆರು ಗಂಟೆಗಿಂತ ಕಡಿಮೆಯಿದ್ದರೆ ಮೊದಲು ಅದನ್ನು ಸರಿಮಾಡಿ, ನಿದ್ದೆಗೆಟ್ಟ ಮರುದಿನ ಹಸಿವು ಜಾಸ್ತಿ. ತೂಕ ಇಳಿಸುವ ಹೊಸ ಇಂಜೆಕ್ಷನ್‌ಗಳ ಬಗ್ಗೆ ನೀವು ಕೇಳಿರಬಹುದು. ಅವು ಕೆಲಸ ಮಾಡುತ್ತವೆ, ಆದರೆ ವೈದ್ಯರ ಕೈಕೆಳಗೇ ತೆಗೆದುಕೊಳ್ಳಬೇಕು. ನಿಲ್ಲಿಸಿದರೆ ಇಳಿದ ತೂಕದಲ್ಲಿ ಬಹುಪಾಲು ಮರಳಿ ಬರುತ್ತದೆ. ನಿಮಗೆ ಈಗ ಅದರ ಅಗತ್ಯ ನನಗೆ ಕಾಣುವುದಿಲ್ಲ. ಮೂರು ತಿಂಗಳಿಗೆ ಎಚ್‌ಬಿಎ1ಸಿ ಮತ್ತೆ ಮಾಡಿಸಿ. ಅದು ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ, ಅದಕ್ಕಿಂತ ಬೇಗ ನೋಡಿ ಪ್ರಯೋಜನವಿಲ್ಲ.

ಜಿಮ್ ಸೇರಲಾ ಅಂತ ಕೇಳಿದಿರಿ. ವರ್ಷದ ಹಣ ಈಗ ಕಟ್ಟಬೇಡಿ. ಎರಡು ತಿಂಗಳು ನಡಿಗೆ ಮತ್ತು ಕುರ್ಚಿ ಬಸ್ಕಿ ಆದ ಮೇಲೆ, ತೂಕ ಎತ್ತುವುದನ್ನು ಸರಿಯಾಗಿ ಕಲಿಯಬೇಕು ಅನ್ನಿಸಿದರೆ ಒಂದು ತಿಂಗಳಿಗೆ ಸೇರಿ. ಮನೆಯಿಂದ ಬ್ಯಾಂಕಿಗೆ ಹೋಗುವ ದಾರಿಯಲ್ಲೇ ಇರುವ ಜಿಮ್ ಆಗಲಿ. ಮಂಡಿ ನೋವಿದೆ ಅಂತ ಮೊದಲೇ ಹೇಳಿ. ಹೇಳಿದ ಮೇಲೂ ಮೊದಲ ದಿನವೇ ಜಿಗಿಸುವ, ಓಡಿಸುವ ತರಬೇತುದಾರರಿದ್ದರೆ ಅಲ್ಲಿಂದ ಹೊರಬನ್ನಿ. ನಿಮ್ಮ ಮನೆಯವರಿಗೂ ಒಂದು ಮಾತು ಹೇಳಿ: ಜಿಮ್‌ಗೆ ಕಟ್ಟುವ ದುಡ್ಡಿನಲ್ಲಿ ಈಗ ನಿಮಗೆ ಒಂದು ಜೊತೆ ಒಳ್ಳೆಯ ನಡಿಗೆ ಶೂ ಕೊಡಿಸಲಿ, ಬೆಳಗ್ಗೆ ನೀವು ನಡೆಯಲು ಹೋದ ಹೊತ್ತಿನಲ್ಲಿ ತಿಂಡಿಯ ಕೆಲಸ ಅವರು ನೋಡಿಕೊಳ್ಳಲಿ. ನಮ್ಮ ಹೆಂಗಸರು ವ್ಯಾಯಾಮ ಬಿಡುವುದು ಸೋಮಾರಿತನದಿಂದ ಅಲ್ಲ, ಬೆಳಗಿನ ಆ ಮುಕ್ಕಾಲು ಗಂಟೆ ಅವರ ಕೈಗೆ ಸಿಗುವುದಿಲ್ಲ ಅನ್ನುವುದರಿಂದ. ಆ ಹೊತ್ತನ್ನು ಬಿಡಿಸಿಕೊಡುವುದು ಮನೆಯವರ ಕೆಲಸ.